ರಜೆಯಲ್ಲಿ ದರ ಇಳಿಸಬೇಕೇ? ನ್ಯೂಜಿಲೆಂಡಿನ ಸ್ವತಂತ್ರ ಎಸ್ಕಾರ್ಟ್‌ಗಳಿಗೆ ಒಂದು ಲೆಕ್ಕಾಚಾರ

ಡಿಸೆಂಬರ್ ಬಂತೆಂದರೆ ಜಾಹೀರಾತುಗಳಲ್ಲಿ ‘ಕ್ರಿಸ್‌ಮಸ್ ಸ್ಪೆಷಲ್’ ಸಾಲುಗಟ್ಟುತ್ತವೆ. ಪಕ್ಕದವರು ಇಳಿಸಿದರೆಂದು ನಾವೂ ಇಳಿಸಬೇಕೇ ಎಂಬ ಪ್ರಶ್ನೆ ಆಗಲೇ ಹುಟ್ಟುವುದು. ನಮ್ಮ ಉತ್ತರ ಇಷ್ಟು: ಗಂಟೆಯ ದರವನ್ನು ಮುಟ್ಟಬೇಡಿ. ಕ್ರಿಸ್‌ಮಸ್‌ಗೆ ಮುಂಚೆ ರಿಯಾಯಿತಿಯ ಮಾತೇ ಬೇಡ. ಜನವರಿಯ ಬರಗಾಲದಲ್ಲಿ ಕೊಡಲೇಬೇಕೆಂದರೆ ಗುರುತಿರುವ ಗಿರಾಕಿಗೆ, ಹೆಚ್ಚು ಹೊತ್ತಿನ ಬುಕಿಂಗ್‌ಗೆ, ಕೊನೆಯ ದಿನಾಂಕ ಹೇಳಿ ಕೊಡಿ. ಯಾಕೆ, ಹೇಗೆ ಎಂಬುದು ಮುಂದಿದೆ.

ಈ ಬರಹ ಯಾರಿಗೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. ನ್ಯೂಜಿಲೆಂಡ್ 2003ರ ಪ್ರಾಸ್ಟಿಟ್ಯೂಷನ್ ರಿಫಾರ್ಮ್ ಆ್ಯಕ್ಟ್ ಮೂಲಕ ದುಡ್ಡಿಗೆ ಲೈಂಗಿಕ ಸೇವೆ ಕೊಡುವ ಈ ಕಸುಬನ್ನು ಅಪರಾಧದ ಪಟ್ಟಿಯಿಂದ ತೆಗೆದಿದೆ. ಒಬ್ಬರೇ ದುಡಿಯಬಹುದು. ನಾಲ್ಕು ಜನರವರೆಗೆ ಒಂದೇ ಜಾಗದಲ್ಲಿ, ತಂತಮ್ಮ ಗಳಿಕೆ ತಂತಮ್ಮ ಕೈಯಲ್ಲೇ ಇಟ್ಟುಕೊಂಡು ದುಡಿದರೆ ಆಪರೇಟರ್ ಸರ್ಟಿಫಿಕೇಟ್ (ಇಂಥ ಜಾಗ ನಡೆಸುವವರು ಪಡೆಯಬೇಕಾದ ಪ್ರಮಾಣಪತ್ರ) ಕೂಡ ಬೇಕಿಲ್ಲ. ಆದರೆ ಅದೇ ಕಾಯ್ದೆಯ 19ನೇ ಕಲಮು ತಾತ್ಕಾಲಿಕ ವೀಸಾದವರಿಗೆ ಬಾಗಿಲು ಮುಚ್ಚಿದೆ. ಸ್ಟೂಡೆಂಟ್, ವಿಸಿಟರ್, ವರ್ಕ್ ವೀಸಾದಲ್ಲಿರುವವರು ಈ ಕೆಲಸ ಮಾಡಿದರೆ ಗಡೀಪಾರಿಗೆ ಗುರಿಯಾಗುತ್ತಾರೆ. ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಓದಲು ಆಕ್ಲೆಂಡಿಗೆ ಹೋದವರು ‘ಇಲ್ಲಿ ಎಲ್ಲ ಕಾನೂನುಬದ್ಧವಂತೆ’ ಎಂಬ ಅರ್ಧ ಮಾತನ್ನು ನಂಬಬಾರದು. ಹದಿನೆಂಟು ತುಂಬದವರ ವಿಷಯವಂತೂ ಇಲ್ಲಿ ಬರುವುದೇ ಇಲ್ಲ. ಇನ್ನು ಭಾರತದಲ್ಲಿ 1956ರ ಐಟಿಪಿ (ಅನೈತಿಕ ವ್ಯವಹಾರ ತಡೆ) ಕಾಯ್ದೆಯಡಿ ಗಿರಾಕಿಗಳನ್ನು ಬಹಿರಂಗವಾಗಿ ಕರೆಯುವುದು, ವೇಶ್ಯಾಗೃಹ ನಡೆಸಲೆಂದು ಮನೆ ಬಾಡಿಗೆಗೆ ಕೊಡುವುದು ಅಪರಾಧವಾಗುತ್ತವೆ. ಹಾಗಾಗಿ ಕೆಳಗಿನ ಜಾಹೀರಾತಿನ ಸಲಹೆಯನ್ನು ಅಲ್ಲಿಗೆ ಎತ್ತಿಕೊಂಡು ಹೋಗಬೇಡಿ.

ಮೊದಲ ಹೆಜ್ಜೆ: ರಜೆಯನ್ನು ತುಂಡು ಮಾಡಿ ನೋಡಿ

‘ಹಾಲಿಡೇ ಸೀಸನ್’ ಎಂಬುದು ಒಂದೇ ಗಂಟಲ್ಲ. ನ್ಯೂಜಿಲೆಂಡಿನಲ್ಲಿ ಕ್ರಿಸ್‌ಮಸ್ ಬರುವುದು ನಡುಬೇಸಿಗೆಯಲ್ಲಿ. ಶಾಲೆಯ ದೊಡ್ಡ ರಜೆಯೂ ಅದೇ ಹೊತ್ತಿಗೆ. ಡೈರಿ ತೆಗೆದು ಡಿಸೆಂಬರ್ 1ರಿಂದ ಜನವರಿ ಕೊನೆಯವರೆಗೆ ನಾಲ್ಕು ಭಾಗ ಮಾಡಿ.

ಡಿಸೆಂಬರ್ 1ರಿಂದ ಸುಮಾರು 20ರವರೆಗೆ ಬೇಡಿಕೆ ಜೋರು. ಆಫೀಸುಗಳ ವರ್ಷಾಂತ್ಯದ ಪಾರ್ಟಿ, ಕೊನೆಯ ಸುತ್ತಿನ ವ್ಯಾಪಾರ ಪ್ರವಾಸ, ಬೋನಸ್ ಕೈಗೆ ಬಂದವರು. ಈ ದಿನಗಳಲ್ಲಿ ರಿಯಾಯಿತಿ ಕೊಡುವುದೆಂದರೆ ಪೂರ್ತಿ ದುಡ್ಡು ಕೊಡಲು ತಯಾರಾಗಿ ಬಂದವನಿಗೆ ಚಿಲ್ಲರೆ ವಾಪಸ್ ಕೊಟ್ಟಂತೆ.

21ರಿಂದ 26ರವರೆಗೆ ಕಾಯಂ ಗಿರಾಕಿಗಳೆಲ್ಲ ಸಂಸಾರದ ಜೊತೆ. ಫೋನ್ ಸುಮ್ಮನಾಗುತ್ತದೆ. ಈ ಮೌನ ದರದಿಂದ ಹುಟ್ಟಿದ್ದಲ್ಲ. ಹೆಂಡತಿ ಮಕ್ಕಳ ಜೊತೆ ಕೋರಮಾಂಡಲ್ ತೀರದ ಬಾಡಿಗೆ ಮನೆಯಲ್ಲಿ ಕೂತವನಿಗೆ ಅರ್ಧ ದರ ಹೇಳಿದರೂ ಎದ್ದು ಬರಲಾರ. ಈ ಒಂದು ಮಾತು ಮನಸ್ಸಿಗೆ ಹತ್ತಿದರೆ ರಜೆಯಲ್ಲಿ ಆಗುವ ಅರ್ಧ ತಪ್ಪುಗಳು ಅಲ್ಲೇ ನಿಲ್ಲುತ್ತವೆ.

27ರಿಂದ ಜನವರಿ 2ರವರೆಗೆ ಊರು ಯಾವುದು ಎಂಬುದರ ಮೇಲೆ ಎಲ್ಲ ನಿಂತಿದೆ. ವೆಲಿಂಗ್ಟನ್ ಸರ್ಕಾರಿ ಆಫೀಸುಗಳ ಊರು, ಬರಿದಾಗುತ್ತದೆ. ಆಕ್ಲೆಂಡಿನ ಜನ ಕಡಲತೀರಗಳಿಗೆ ಹರಡಿಕೊಳ್ಳುತ್ತಾರೆ. ಕ್ವೀನ್ಸ್‌ಟೌನ್, ಟೌಪೊ, ಮೌಂಟ್ ಮೌಂಗನೂಯಿ ಕಿಕ್ಕಿರಿಯುತ್ತವೆ.

ಜನವರಿ 3ರಿಂದ ತಿಂಗಳ ಕೊನೆಯವರೆಗೆ ನಿಜವಾದ ಬರಗಾಲ. ಕ್ರೆಡಿಟ್ ಕಾರ್ಡ್ ಬಿಲ್ಲು, ಮಕ್ಕಳ ಶಾಲೆಯ ಖರ್ಚು, ಇನ್ನೂ ತೆರೆಯದ ಆಫೀಸುಗಳು. ರಿಯಾಯಿತಿಯ ಯೋಚನೆಗೆ ಏನಾದರೂ ಅರ್ಥವಿದ್ದರೆ ಅದು ಈ ಭಾಗದಲ್ಲಿ ಮಾತ್ರ. ಹೋದ ವರ್ಷದ ನಿಮ್ಮ ಬುಕಿಂಗ್ ಪುಸ್ತಕ ತೆಗೆದು ಈ ನಾಲ್ಕು ಭಾಗಗಳಲ್ಲಿ ಎಷ್ಟೆಷ್ಟು ಬುಕಿಂಗ್ ಆಗಿತ್ತು ಎಂದು ಬರೆದುಕೊಳ್ಳಿ. ಪುಸ್ತಕವೇ ಇಲ್ಲದಿದ್ದರೆ ಈ ವರ್ಷ ದರಕ್ಕೆ ಕೈ ಹಾಕುವುದನ್ನು ಬಿಟ್ಟು ಬರೆದಿಡಲು ಶುರುಮಾಡಿ.

ಎರಡನೆಯದು: ಒಂದು ಬುಕಿಂಗ್‌ನಲ್ಲಿ ಕೈಗೆ ಉಳಿಯುವುದೆಷ್ಟು?

ಇಲ್ಲಿ ಸ್ವಲ್ಪ ನಿಲ್ಲೋಣ, ಜನ ಎಡವುವುದು ಇಲ್ಲೇ.

ಗಂಟೆಗೆ 300 ಡಾಲರ್ ಎಂದಿಟ್ಟುಕೊಳ್ಳಿ (ಲೆಕ್ಕ ಸುಲಭವಾಗಲೆಂದು ಹಿಡಿದ ಅಂಕಿ, ನಿಮ್ಮದನ್ನು ಹಾಕಿಕೊಳ್ಳಿ). ಪ್ರತಿ ಬುಕಿಂಗ್‌ಗೆ ತಗಲುವ ಖರ್ಚು, ಅಂದರೆ ಹಾಸಿಗೆ ಬಟ್ಟೆ ಒಗೆತ, ಕಾಂಡೋಮ್ ಮತ್ತಿತರ ಸಾಮಾನು, ಟ್ಯಾಕ್ಸಿ ಇಲ್ಲವೇ ಪಾರ್ಕಿಂಗ್, ಎಲ್ಲ ಸೇರಿ 60. ಉಳಿಯುವುದು 240.

20 ಪರ್ಸೆಂಟ್ ಇಳಿಸಿದರೆ ದರ 240 ಆಗುತ್ತದೆ. ಖರ್ಚು ಇಳಿಯುವುದಿಲ್ಲ, ಅದು 60ರಲ್ಲೇ ಇರುತ್ತದೆ. ಉಳಿಯುವುದು 180. ದರ ಐದನೇ ಒಂದು ಭಾಗ ಇಳಿದರೆ ಉಳಿತಾಯ ಕಾಲು ಭಾಗ ಇಳಿಯಿತು. ವಾರಕ್ಕೆ ಆರು ಬುಕಿಂಗ್ ಮಾಡುತ್ತಿದ್ದವರಿಗೆ 1,440 ಸಿಗುತ್ತಿತ್ತು. ಹೊಸ ದರದಲ್ಲಿ ಅಷ್ಟೇ ದುಡ್ಡಿಗೆ ಎಂಟು ಬುಕಿಂಗ್ ಬೇಕು. ಒಂದು ಗಂಟೆಯ ಬುಕಿಂಗ್ ಎಂದರೆ ಮೆಸೇಜು, ಪರಿಚಯ ಪರಿಶೀಲನೆ, ತಯಾರಿ, ಆಮೇಲಿನ ಸ್ವಚ್ಛತೆ ಸೇರಿ ಎರಡು ಗಂಟೆ ಹಿಡಿಯುತ್ತದೆ. ಅಂದರೆ ವಾರಕ್ಕೆ ನಾಲ್ಕು ಗಂಟೆ ಜಾಸ್ತಿ ದುಡಿದು ಒಂದು ಡಾಲರೂ ಹೆಚ್ಚು ಬರಲಿಲ್ಲ.

ಇದೇ ಅಂಕಿಯಲ್ಲಿ 10 ಪರ್ಸೆಂಟ್ ರಿಯಾಯಿತಿಗೆ 14 ಪರ್ಸೆಂಟ್ ಹೆಚ್ಚು ಬುಕಿಂಗ್ ಬೇಕು, 20ಕ್ಕೆ 33, 30ಕ್ಕೆ 60. ನಿಮ್ಮ ಲೆಕ್ಕಕ್ಕೆ ಸೂತ್ರ ಹೀಗೆ: ಈಗ ಉಳಿಯುವ ಮೊತ್ತವನ್ನು ರಿಯಾಯಿತಿ ಆದ ಮೇಲೆ ಉಳಿಯುವ ಮೊತ್ತದಿಂದ ಭಾಗಿಸಿ. ಬಂದ ಅಂಕಿಯನ್ನು ಈಗಿನ ಬುಕಿಂಗ್ ಸಂಖ್ಯೆಯಿಂದ ಗುಣಿಸಿ. ಅಷ್ಟು ಬುಕಿಂಗ್ ಆದರೆ ಸಮಸಮ, ಅದಕ್ಕಿಂತ ಕಡಿಮೆಯಾದರೆ ನಷ್ಟ.

ಹನ್ನೆರಡು ತಿಂಗಳ ವಹಿವಾಟು 60,000 ಡಾಲರ್ ದಾಟಿದವರು ಜಿಎಸ್‌ಟಿಗೆ ನೋಂದಾಯಿಸಿಕೊಂಡಿರಲೇಬೇಕು. ದರ 15 ಪರ್ಸೆಂಟ್. ಗಿರಾಕಿಗೆ ಹೇಳುವ ದರದಲ್ಲೇ ಅದು ಸೇರಿರಬೇಕು. ಬಾಗಿಲಲ್ಲಿ ನಿಂತು ‘ಮೇಲೆ ಜಿಎಸ್‌ಟಿ’ ಎನ್ನುವಂತಿಲ್ಲ. 300ರಲ್ಲಿ ಜಿಎಸ್‌ಟಿ ಪಾಲು 39 ಡಾಲರ್ 13 ಸೆಂಟ್. ಒಟ್ಟು ಮೊತ್ತವನ್ನು 3ರಿಂದ ಗುಣಿಸಿ 23ರಿಂದ ಭಾಗಿಸಿದರೆ ಇದು ಸಿಗುತ್ತದೆ. ಖರ್ಚಿನ 60 ಹಾಗೇ ಇಟ್ಟು, ದರದಿಂದ ಇದನ್ನು ಕಳೆದು ನೋಡಿದರೆ 20 ಪರ್ಸೆಂಟ್ ರಿಯಾಯಿತಿಗೆ ಬೇಕಾಗುವ ಹೆಚ್ಚುವರಿ ಬುಕಿಂಗ್ 33 ಅಲ್ಲ, 35 ಪರ್ಸೆಂಟ್.

ಇನ್ನೊಂದು ದಿನಾಂಕವನ್ನು ಕೆಂಪು ಪೆನ್ನಿನಲ್ಲಿ ಗುರುತು ಹಾಕಿ: ಜನವರಿ 15. ನವೆಂಬರ್ ಕೊನೆಗೆ ಮುಗಿದ ಅವಧಿಯ ಜಿಎಸ್‌ಟಿ ಕಟ್ಟಲು ಅದೇ ಕಡೆಯ ದಿನ. ಪ್ರಾವಿಷನಲ್ ಟ್ಯಾಕ್ಸ್ (ಮುಂಚಿತವಾಗಿ ಕಂತಿನಲ್ಲಿ ಕಟ್ಟುವ ಆದಾಯ ತೆರಿಗೆ) ಕಟ್ಟುವವರಿಗೆ ಎರಡನೇ ಕಂತೂ ಮಾಮೂಲಿ ಪದ್ಧತಿಯಲ್ಲಿ ಅದೇ ದಿನಕ್ಕೆ ಬೀಳುತ್ತದೆ. ಬರಗಾಲದ ನಡುವೆ ಎರಡು ಪೆಟ್ಟು. ಜನವರಿ ಎರಡನೇ ವಾರದಲ್ಲಿ ಗಾಬರಿಬಿದ್ದು ದರ ಕತ್ತರಿಸುವವರಲ್ಲಿ ಬಹುಪಾಲು ಜನ ಗಿರಾಕಿ ಇಲ್ಲದೆ ಕತ್ತರಿಸುವುದಲ್ಲ, ಈ ತೆರಿಗೆಗೆ ದುಡ್ಡು ಎತ್ತಿಡದೆ ಕತ್ತರಿಸುವುದು ಎಂಬುದು ನಮ್ಮ ಅನಿಸಿಕೆ. ಡಿಸೆಂಬರ್‌ನ ಪ್ರತಿ ಬುಕಿಂಗ್‌ನಿಂದ ಕಾಲು ಭಾಗದಷ್ಟು ಬೇರೆ ಖಾತೆಗೆ ಹಾಕಿಬಿಟ್ಟರೆ ಆ ಗಾಬರಿ ಹುಟ್ಟುವುದಿಲ್ಲ. ಜಿಎಸ್‌ಟಿಯೂ ಕಟ್ಟುವವರು ಮೂರನೇ ಒಂದು ಭಾಗಕ್ಕಿಂತ ಹೆಚ್ಚೇ ಎತ್ತಿಡುವುದು ಕ್ಷೇಮ.

ಮೂರನೆಯದು: ದರ ಏರಿಸುವ ದಿನಗಳನ್ನು ಮೊದಲು ನಿರ್ಧರಿಸಿ

ರಿಯಾಯಿತಿಯ ಮಾತಿಗೆ ಮುಂಚೆ ಸರ್‌ಚಾರ್ಜ್ ಮಾತಾಡಬೇಕು. ಡಿಸೆಂಬರ್ 25, 26, ಜನವರಿ 1, 2 ಸಾರ್ವಜನಿಕ ರಜೆಗಳು. ಆ ದಿನ ಕಾಫಿ ಕುಡಿಯಲು ಹೋದರೂ ಎಷ್ಟೋ ಕೆಫೆಗಳಲ್ಲಿ 15 ಪರ್ಸೆಂಟ್ ಸರ್‌ಚಾರ್ಜ್ ಬೋರ್ಡು ನೇತಾಡುತ್ತಿರುತ್ತದೆ, ಯಾಕೆಂದರೆ ಸಿಬ್ಬಂದಿಗೆ ಒಂದೂವರೆ ಪಟ್ಟು ಸಂಬಳ ಕೊಡಬೇಕು. ಸ್ವಂತ ದುಡಿಮೆಯವರಿಗೆ ಆ ಒಂದೂವರೆ ಪಟ್ಟು ಕೊಡುವವರು ಯಾರೂ ಇಲ್ಲ, ತಾವೇ ಹಾಕಿಕೊಳ್ಳಬೇಕು. ಗಿರಾಕಿಗೂ ಇದು ಹೊಸದಲ್ಲ. ಹೊಸವರ್ಷದ ರಾತ್ರಿ ಟ್ಯಾಕ್ಸಿ ಸಿಗುವುದು ಕಷ್ಟ, ಸಿಕ್ಕರೂ ಆ್ಯಪ್ ದರ ಏರಿರುತ್ತದೆ. ಹೊರಗೆ ಹೋಗುವ ಬುಕಿಂಗ್ ಆದರೆ ಹೋಗಿಬರುವ ಖರ್ಚನ್ನು ಬೇರೆಯಾಗಿಯೇ ಹೇಳಿ.

ಸರ್‌ಚಾರ್ಜ್ ಇದ್ದರೆ ಬುಕಿಂಗ್ ಒಪ್ಪುವ ಮುಂಚೆಯೇ ತಿಳಿಸಿರಬೇಕು. ಡಿಸೆಂಬರ್ ಮೊದಲ ವಾರದಲ್ಲೇ ದರಪಟ್ಟಿಯ ಕೆಳಗೆ ಒಂದು ಸಾಲು ಹಾಕಿ: ಯಾವ ದಿನ ಬಿಡುವು, ಯಾವ ದಿನ ಎಷ್ಟು ಹೆಚ್ಚು. ‘ಕ್ರಿಸ್‌ಮಸ್ ದಿನ ಕೆಲಸ ಇಲ್ಲ’ ಎಂದು ಬರೆಯುವುದಕ್ಕೂ ಹಿಂಜರಿಯಬೇಕಿಲ್ಲ.

ನಾಲ್ಕನೆಯದು: ರಿಯಾಯಿತಿ ಸರಿಹೋಗುವ ಮೂರು ಜಾಗ

ಹೆಚ್ಚು ಹೊತ್ತಿನ ಬುಕಿಂಗ್ ಮೊದಲನೆಯದು. ಮೇಲಿನ ಅಂಕಿಯಲ್ಲೇ ನೋಡಿ. ಎರಡು ಗಂಟೆಗೆ 600 ಬದಲು 540 ಎಂದರೆ 10 ಪರ್ಸೆಂಟ್ ಕಡಿಮೆ. ಆದರೆ ಒಗೆತ, ಟ್ಯಾಕ್ಸಿ, ಮೆಸೇಜು ಎಲ್ಲ ಒಂದೇ ಸಲ. ಖರ್ಚು 60 ಕಳೆದು 480 ಉಳಿಯಿತು, ಹಿಡಿದ ಸಮಯ ಒಟ್ಟು ಮೂರು ಗಂಟೆ. ಗಂಟೆಗೆ 160. ಪೂರ್ತಿ ದರದ ಒಂದು ಗಂಟೆಯ ಬುಕಿಂಗ್‌ನಲ್ಲಿ 240 ಉಳಿದರೂ ಹಿಡಿದದ್ದು ಎರಡು ಗಂಟೆ, ಅಂದರೆ ಗಂಟೆಗೆ 120. ಇಳಿಸಿಯೂ ಹೆಚ್ಚು ಸಿಗುವ ಜಾಗ ಇದೊಂದೇ. ಜನವರಿಗೆ ಏನಾದರೂ ಹಾಕಬೇಕೆಂದರೆ ಇದನ್ನೇ ಹಾಕಿ.

ಎರಡನೆಯದು, ಆಗಲೇ ಕಟ್ಟಿಬಿಟ್ಟ ಬಾಡಿಗೆ. ಕ್ವೀನ್ಸ್‌ಟೌನಿಗೆ ಐದು ರಾತ್ರಿ ಅಲ್ಲೇ ಉಳಿದು ದುಡಿಯಲೆಂದು ಟೂರ್ ಹೋಗಿದ್ದೀರಿ, ರೂಮಿನ ದುಡ್ಡು ಹೋಗಿದೆ, ಮಂಗಳವಾರ ಮಧ್ಯಾಹ್ನ ಖಾಲಿ. ಖಾಲಿ ಬಿಟ್ಟರೂ ಬಾಡಿಗೆ ವಾಪಸ್ ಬರುವುದಿಲ್ಲ. ಆಗ ಹಿಂದೆ ಬಂದುಹೋದ ಒಬ್ಬಿಬ್ಬರಿಗೆ ಅವತ್ತಿನ ಮಟ್ಟಿಗೆ ಒಂದು ಮೆಸೇಜು ಕಳಿಸುವುದು ತಪ್ಪಲ್ಲ. ಜಾಹೀರಾತಿನಲ್ಲಿ ಮಾತ್ರ ಹಾಕಬೇಡಿ. ಸಂಜೆ ಪೂರ್ತಿ ದರಕ್ಕೆ ಬುಕ್ ಮಾಡಿದವನು ಅದನ್ನು ನೋಡಿ ಮಧ್ಯಾಹ್ನಕ್ಕೆ ಬದಲಿಸುತ್ತಾನೆ. ಟೂರ್ ಹೊರಡುವ ಮುಂಚೆ ಆ ಊರಿನ ಕೌನ್ಸಿಲ್ (ಸ್ಥಳೀಯ ಆಡಳಿತ) ಬೈಲಾ, ಬಾಡಿಗೆ ಕೊಡುವವರ ಷರತ್ತು ಎರಡನ್ನೂ ಓದಿರಬೇಕು. ಹೊಸವರ್ಷಕ್ಕೆ ಅಲ್ಲಿನ ರೂಮಿನ ಬಾಡಿಗೆ ಎಷ್ಟು ಏರುತ್ತದೆಂದರೆ ಟೂರೇ ಲೆಕ್ಕಕ್ಕೆ ಹೊಂದದೇ ಹೋಗಬಹುದು.

ಮೂರನೆಯದು ಕಾಯಂ ಗಿರಾಕಿಗಳು. ಇವರಿಗೆ ದರ ಇಳಿಸುವುದಕ್ಕಿಂತ ಹೊತ್ತು ಹೆಚ್ಚಿಸುವುದು ಮೇಲು. ಒಂದು ಗಂಟೆಯ ದುಡ್ಡಿಗೆ ಒಂದೂಕಾಲು ಗಂಟೆ. ಜನವರಿಯಲ್ಲಿ ನಿಮ್ಮ ಆ ಹದಿನೈದು ನಿಮಿಷಕ್ಕೆ ಬೇರೆ ಗಿರಾಕಿ ಕಾದಿರುವುದಿಲ್ಲ. ಅವರ ತಲೆಯಲ್ಲಿ ನಿಮ್ಮ ದರ 300 ಆಗಿಯೇ ಉಳಿಯುತ್ತದೆ. 240 ಎಂದು ಒಮ್ಮೆ ಹೇಳಿದಿರೋ, ಮಾರ್ಚ್‌ನಲ್ಲಿ 300 ಕೇಳಿದಾಗ ‘ಏನು, ರೇಟು ಏರಿಸಿಬಿಟ್ಟಿರಿ?’ ಎನ್ನುತ್ತಾರೆ.

ಗಿಫ್ಟ್ ವೋಚರ್, ‘ಐದು ಬುಕಿಂಗ್‌ಗೆ ಈಗಲೇ ಕಟ್ಟಿ’ ಎಂಬ ಪ್ಯಾಕೇಜು ನಮಗೆ ಅಷ್ಟಾಗಿ ಹಿಡಿಸುವುದಿಲ್ಲ. ಡಿಸೆಂಬರ್‌ನಲ್ಲಿ ಬಂದ ದುಡ್ಡು ಖರ್ಚಾಗಿರುತ್ತದೆ, ಏಪ್ರಿಲ್‌ನಲ್ಲಿ ಅದನ್ನು ತೀರಿಸಲು ದುಡಿಯಬೇಕು. ಮುಂಗಡ ಕಟ್ಟಿದವನನ್ನು ಬೇಡವೆನ್ನಬೇಕಾಗಿ ಬಂದಾಗ ಕೈಕಟ್ಟಿದಂತೆಯೂ ಅನ್ನಿಸುತ್ತದೆ. ಕಾನೂನು ನಿಮ್ಮ ಕಡೆಗಿದೆ: 17ನೇ ಕಲಮಿನ ಪ್ರಕಾರ ಒಪ್ಪಂದದಲ್ಲಿ ಏನೇ ಇರಲಿ, ಯಾವ ಕ್ಷಣದಲ್ಲಾದರೂ ಸೇವೆ ನಿರಾಕರಿಸಬಹುದು, ನಡುವೆ ನಿಲ್ಲಿಸಬಹುದು. ಆದರೆ ಕೆಲಸ ಆಗದಿದ್ದರೆ ದುಡ್ಡಿನ ತಕರಾರು ಎತ್ತುವ ಹಕ್ಕನ್ನು ಅದು ಗಿರಾಕಿಯಿಂದ ಕಿತ್ತುಕೊಂಡಿಲ್ಲ.

ಐದನೆಯದು: ಬರೆಯುವಾಗ

ಆಫರ್‌ನಲ್ಲಿ ನಾಲ್ಕು ಸಂಗತಿ ಇರಲೇಬೇಕು: ಯಾವ ಬುಕಿಂಗ್‌ಗೆ, ಯಾವ ದಿನ ಮತ್ತು ಹೊತ್ತಿಗೆ, ಯಾವ ದಿನಾಂಕದವರೆಗೆ, ಮುಂಗಡ ಎಷ್ಟು. ‘ಜನವರಿ 8ರಿಂದ 25ರವರೆಗೆ, ಸೋಮವಾರದಿಂದ ಗುರುವಾರ, ಮಧ್ಯಾಹ್ನ 12ರಿಂದ 5, ಎರಡು ಗಂಟೆಯ ಬುಕಿಂಗ್ 540, ಮುಂಗಡ 100’. ಇಷ್ಟೇ ಸಾಕು. ಹಿಮದ ಗೊಂಬೆ, ಗಂಟೆ, ಆಶ್ಚರ್ಯಚಿಹ್ನೆ ಬೇಡ. ‘ಸೀಮಿತ ಅವಧಿ’ ಎಂದು ಬರೆದು ಮಾರ್ಚ್‌ವರೆಗೂ ಎಳೆದರೆ ನಾಳೆ ನಿಮ್ಮ ಯಾವ ದಿನಾಂಕಕ್ಕೂ ಬೆಲೆ ಇರುವುದಿಲ್ಲ.

ಸುಳ್ಳು ರಿಯಾಯಿತಿ ಕಾನೂನಿಗೆ ವಿರುದ್ಧ. 300ರ ದರವನ್ನು 380 ಎಂದು ಬರೆದು, ಅಡ್ಡಗೀಟು ಹೊಡೆದು, ‘ಈಗ 300’ ಎನ್ನುವುದು 1986ರ ಫೇರ್ ಟ್ರೇಡಿಂಗ್ ಆ್ಯಕ್ಟ್ ಪ್ರಕಾರ ದಾರಿತಪ್ಪಿಸುವಿಕೆ. ಬಟ್ಟೆ ಅಂಗಡಿಗೆ ಅನ್ವಯಿಸುವ ನಿಯಮ ಇಲ್ಲಿಗೂ ಅನ್ವಯಿಸುತ್ತದೆ. ಜಾಹೀರಾತಿನ ಜಾಗಕ್ಕೂ ಮಿತಿಯಿದೆ: ರೇಡಿಯೋ, ಟಿವಿ, ಸಿನಿಮಾ ಮಂದಿರ ಕೂಡದು, ಪತ್ರಿಕೆಯಾದರೆ ಕ್ಲಾಸಿಫೈಡ್ ಪುಟದಲ್ಲಿ ಮಾತ್ರ.

ಚೌಕಾಸಿಗೆ ಉತ್ತರವನ್ನು ಮೊದಲೇ ಬರೆದು ಫೋನಿನಲ್ಲಿ ಇಟ್ಟುಕೊಳ್ಳಿ. ‘ದರ ಸೈಟಿನಲ್ಲಿ ಇರುವುದೇ. ಹೊಂದದಿದ್ದರೆ ಪರವಾಗಿಲ್ಲ, ರಜೆ ಚೆನ್ನಾಗಿ ಕಳೆಯಿರಿ.’ ಕಾರಣ ಕೊಡಬೇಡಿ. ಕಾರಣ ಕೊಟ್ಟರೆ ಅದಕ್ಕೊಂದು ಮರುಕಾರಣ ಬರುತ್ತದೆ, ನಲವತ್ತು ಮೆಸೇಜಾದರೂ ಬುಕಿಂಗ್ ಆಗುವುದಿಲ್ಲ.

ಆರನೆಯದು: ಇಳಿಸಬಾರದ್ದು

ಅಗ್ಗದ ದರದ ಜಾಹೀರಾತಿಗೆ ಹೊಸ ಮುಖಗಳೇ ಹೆಚ್ಚು ಬರುತ್ತವೆ, ಅದರಲ್ಲೂ ಪಾರ್ಟಿ ಮುಗಿಸಿ ಕುಡಿದು ಫೋನ್ ಮಾಡುವವರು. ಬುಕಿಂಗ್ ಸಂಖ್ಯೆ ತುಂಬಿಸಬೇಕೆಂಬ ಒತ್ತಡದಲ್ಲಿ ಮೊದಲು ಬಿಟ್ಟುಹೋಗುವುದು ಪರಿಚಯ ಪರಿಶೀಲನೆ. ರಿಯಾಯಿತಿಯ ನಿಜವಾದ ಬೆಲೆ ಅನೇಕ ಸಲ ಇದೇ, ಡಾಲರ್ ಅಲ್ಲ. ಆದ್ದರಿಂದ ಆಫರ್ ದರದ ಬುಕಿಂಗ್‌ಗೆ ನಿಯಮ ಬಿಗಿಯಾಗಬೇಕು, ಸಡಿಲವಾಗಬಾರದು: ಮಾತಾಡಿ ದನಿ ಕೇಳದೆ ಒಪ್ಪಬೇಡಿ, ಮುಂಗಡ ಬರದೆ ವಿಳಾಸ ಕೊಡಬೇಡಿ, ಕುಡಿದು ಬಂದರೆ ಬಾಗಿಲಿಂದಲೇ ವಾಪಸ್ ಎಂದು ಮೊದಲೇ ಬರೆದಿರಿ.

ಮುಂಗಡದ ವಿಷಯದಲ್ಲಿ ಒಂದು ಹಳೆಯ ಮೋಸವಿದೆ. ‘ಬ್ಯಾಂಕ್ ರಜೆ, ನಾಳೆ ಬರುತ್ತದೆ’ ಎಂದು ವರ್ಗಾವಣೆಯ ಸ್ಕ್ರೀನ್‌ಶಾಟ್ ಕಳಿಸುವುದು. 2023ರ ಮೇ ತಿಂಗಳಿಂದ ನ್ಯೂಜಿಲೆಂಡಿನ ಪ್ರಮುಖ ಬ್ಯಾಂಕುಗಳ ನಡುವಿನ ಪಾವತಿ ವರ್ಷದ ಎಲ್ಲ ದಿನವೂ ಸಾಗುತ್ತದೆ, ರಜೆಯ ದಿನ ಕೂಡ. ಖಾತೆಯಲ್ಲಿ ಕಾಣುವವರೆಗೆ ದುಡ್ಡು ಬಂದಿಲ್ಲ ಎಂದೇ ಲೆಕ್ಕ.

ಕಾಂಡೋಮ್ ಯಾವ ಆಫರ್‌ನ ಭಾಗವೂ ಅಲ್ಲ. 9ನೇ ಕಲಮಿನಡಿ ಅದು ನಿಮಗೂ ಗಿರಾಕಿಗೂ ಕಡ್ಡಾಯ, ತಪ್ಪಿದರೆ 2,000 ಡಾಲರ್‌ವರೆಗೆ ದಂಡ. ‘ಹೇಗೂ ಕಡಿಮೆ ಮಾಡಿದ್ದೀಯ, ಇನ್ನೊಂಚೂರು ಕೊಡ್ತೀನಿ, ಅದು ಬೇಡ’ ಎಂಬ ಮಾತು ದರ ಇಳಿಸಿದ ದಿನವೇ ಹೆಚ್ಚು ಕೇಳಿಬರುತ್ತದೆ. ಒಂದು ಕಡೆ ಸಡಿಲ ಬಿಟ್ಟವರು ಇನ್ನೊಂದು ಕಡೆಯೂ ಬಿಡುತ್ತಾರೆ ಎಂಬ ಊಹೆ ಅದರ ಹಿಂದಿದೆ. ಅಲ್ಲಿಗೆ ಬುಕಿಂಗ್ ಮುಗಿಯಿತು.

ರಜೆಯಲ್ಲಿ ಬೆನ್ನಿಗಿರುವ ಏರ್ಪಾಡುಗಳೂ ಮುಚ್ಚಿರುತ್ತವೆ. ಆರೋಗ್ಯ ತಪಾಸಣೆಯನ್ನು ಡಿಸೆಂಬರ್ ಮಧ್ಯದೊಳಗೆ ಮುಗಿಸಿ. ಎನ್‌ಝಡ್‌ಪಿಸಿ (ನ್ಯೂಜಿಲೆಂಡ್ ಪ್ರಾಸ್ಟಿಟ್ಯೂಟ್ಸ್ ಕಲೆಕ್ಟಿವ್, ಈ ಕಸುಬಿನವರ ಸಂಘಟನೆ) ಕಚೇರಿ ಎಂದು ಮುಚ್ಚಿ ಎಂದು ತೆರೆಯುತ್ತದೆ ಎಂದು ಕೇಳಿ, ಆರು ವಾರಕ್ಕಾಗುವಷ್ಟು ಸಾಮಾನು ತಂದಿಟ್ಟುಕೊಳ್ಳಿ. ನಿಮ್ಮ ಬುಕಿಂಗ್‌ನ ಸಮಯ, ಜಾಗ ತಿಳಿದಿರುವ ಗೆಳತಿ ತಾನೇ ಟೆಂಟ್ ಹಾಕಿಕೊಂಡು ಸಿಗ್ನಲ್ ಸಿಗದ ಕಡಲತೀರದಲ್ಲಿ ಇದ್ದರೆ ಆ ಏರ್ಪಾಡು ಇದ್ದೂ ಇಲ್ಲದಂತೆ. ಇನ್ನೊಬ್ಬರನ್ನು ಗೊತ್ತು ಮಾಡಿ. ಸಿಗದ ದಿನ ಹೊರಗಿನ ಬುಕಿಂಗ್ ಹಿಡಿಯಬೇಡಿ. ತುರ್ತಿಗೆ 111.

ಏಳನೆಯದು: ವಾಪಸ್ ತೆಗೆಯುವುದು

ನ್ಯೂಜಿಲೆಂಡಿನ ರಾಷ್ಟ್ರೀಯ ದಿನವಾದ ವೈಟಾಂಗಿ ದಿನ ಫೆಬ್ರವರಿ 6. ಅಷ್ಟರೊಳಗೆ ಆಫರ್ ಎಲ್ಲ ಕಡೆಯಿಂದ ಹೋಗಿರಬೇಕು: ಸ್ವಂತ ಸೈಟು, ಜಾಹೀರಾತು, ಸಾಮಾಜಿಕ ಜಾಲದ ಪಿನ್ ಮಾಡಿದ ಪೋಸ್ಟು, ಫೋನಿನ ತಾನಾಗಿ ಹೋಗುವ ಉತ್ತರ. ಕೊನೆಯದನ್ನೇ ಎಲ್ಲರೂ ಮರೆಯುವುದು. ಕೊನೆಯ ದಿನಾಂಕ ಮುಗಿದ ಮೇಲೆ ಬಂದು ಆಫರ್ ದರ ಕೇಳುವ ಹೊಸಬನಿಗೆ ‘ಮುಗಿಯಿತು’ ಎನ್ನಿ. ಆಫರ್ ಇದ್ದಾಗಲೇ ಮುಂಗಡ ಕಟ್ಟಿ ದಿನ ಮುಂದೂಡಿದವನಿಗೆ ಹೇಳಿದ ದರವನ್ನೇ ಕೊಡಿ.

ಆಮೇಲೆ ಒಂದು ಪುಟದಲ್ಲಿ ಬರೆದಿಡಿ: ಆಫರ್‌ನಿಂದ ಬಂದ ಬುಕಿಂಗ್ ಎಷ್ಟು, ಅದರಲ್ಲಿ ಹೊಸಬರು ಎಷ್ಟು, ಅವರಲ್ಲಿ ಪೂರ್ತಿ ದರಕ್ಕೆ ಮತ್ತೆ ಬಂದವರು ಎಷ್ಟು. ಮೂರನೇ ಅಂಕಿಯನ್ನು ಮೇ ತಿಂಗಳವರೆಗೆ ಕಾದು ತುಂಬಿಸಿ. ಅದು ಸೊನ್ನೆಯಾಗಿದ್ದರೆ ಮುಂದಿನ ಜನವರಿಯಲ್ಲಿ ಆಫರ್‌ನ ಆ ದಿನಗಳಲ್ಲಿ ಫೋನ್ ಆಫ್ ಮಾಡಿ ನೀವೇ ಕಡಲತೀರಕ್ಕೆ ಹೋಗುವುದು ಹೆಚ್ಚು ಲಾಭದ ಕೆಲಸ.